ನಾನು ಅಳಿಸಿದ ಒಂದು ಮೆಸೇಜ್: ಮಾಡಿದ್ದು ಸರಿಯೋ ತಪ್ಪೋ ಹೇಳಿ

ಕುಂಬಳೆ_ಅಡ್ಮಿನ್ · ಭಾನುವಾರ ಬೆಳಿಗ್ಗೆ 6:50

ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಸೀತಾಂಗೋಳಿ, ಬದಿಯಡ್ಕ ಸುತ್ತಿನ ಕನ್ನಡದವರ ಒಂದು ವಾಟ್ಸಾಪ್ ಗ್ರೂಪಿಗೆ ನಾನು ಆರು ವರ್ಷದಿಂದ ಅಡ್ಮಿನ್. ಈಗ 640 ಜನ ಇದ್ದೇವೆ. ಯಾರ ಮನೆಯಲ್ಲಿ ಸಾವು, ಎಲ್ಲಿ ಯಕ್ಷಗಾನದ ಆಟ, ಅಡಿಕೆಗೆ ಇವತ್ತು ಎಷ್ಟು, ಸರಕಾರಿ ಕೆಲಸಕ್ಕೆ ಜನ ಆರಿಸುವ ಪಿಎಸ್‌ಸಿಯಲ್ಲಿ ಕನ್ನಡದ ಹುದ್ದೆಗೆ ಅರ್ಜಿ ಕರೆದರೋ ಇಲ್ಲವೋ, ಎಲ್ಲ ಅದರಲ್ಲೇ ಬರುತ್ತದೆ. ಯಾವುದಾದರೂ ನೋಟೀಸು ಮಲಯಾಳದಲ್ಲಿ ಮಾತ್ರ ಬಂದರೆ ಯಾರಾದರೊಬ್ಬರು ಕೂತು ಕನ್ನಡ ಮಾಡಿ ಹಾಕುತ್ತಾರೆ.

ಕಳೆದ ಮಂಗಳವಾರ ರಾತ್ರಿ ಒಂಬತ್ತೂವರೆಗೆ ಒಬ್ಬ ತಾಯಿ ಉದ್ದಕ್ಕೆ ಬರೆದರು. ಮಗ ಕನ್ನಡ ಮಾಧ್ಯಮದಲ್ಲಿ ಆರನೇ ಕ್ಲಾಸು. ಹೊಸದಾಗಿ ಬಂದ ಗಣಿತದ ಟೀಚರಿಗೆ ಕನ್ನಡ ಬರುವುದಿಲ್ಲ. ನೋಟ್ಸಿನ ಫೋಟೋ ಕೂಡ ಹಾಕಿದ್ದರು. ಮೇಲೆ ದೊಡ್ಡದಾಗಿ ‘ಹರಣ’ ಅಂತ ಹುಡುಗ ಬರೆದಿದ್ದಾನೆ. ಭಾಗಾಕಾರಕ್ಕೆ ಮಲಯಾಳದಲ್ಲಿ ಹರಣಂ ಅನ್ನುತ್ತಾರಲ್ಲ, ಟೀಚರ್ ಹೇಳಿದ್ದನ್ನು ಕಿವಿಗೆ ಬಿದ್ದ ಹಾಗೆ ಬರೆದುಕೊಂಡಿದ್ದಾನೆ. ಅವನಿಗೆ ಗೊತ್ತಿರುವ ಹರಣ ಆಟದಲ್ಲಿ ನೋಡಿದ ಸೀತಾಪಹರಣ. ಲೆಕ್ಕದಲ್ಲಿ ಯಾರನ್ನು ಯಾರು ಕದ್ದದ್ದು ಅಂತ ಅಮ್ಮನ ಹತ್ತಿರ ಕೇಳಿದನಂತೆ.

ಅದನ್ನು ಓದಿ ನನಗೆ ಹೊಟ್ಟೆ ಕಿವುಚಿದ ಹಾಗಾಯಿತು. ಆದರೆ ಮೆಸೇಜಿನ ಕೊನೆಯಲ್ಲಿ ಆ ಟೀಚರ ಹೆಸರು, ಫೋಟೋ, ಊರು, ಫೋನ್ ನಂಬರ್ ಎಲ್ಲ ಇತ್ತು. ‘ಎಲ್ಲರೂ ಫೋನ್ ಮಾಡಿ ಕೇಳಿ’ ಅಂತ ಬರೆದಿದ್ದರು. ಹತ್ತು ನಿಮಿಷದಲ್ಲಿ ಮೂವತ್ತು ಉತ್ತರ ಬಂತು. ಅದರಲ್ಲಿ ಐದಾರು ಆ ಟೀಚರ ಜಾತಿ ಧರ್ಮಕ್ಕೆ ಹೋಯಿತು. ನಾನು ಹೆದರಿದೆ. ವಾಟ್ಸಾಪಿನಲ್ಲಿ ಬೇರೆಯವರ ಮೆಸೇಜಿನ ಒಂದು ಸಾಲು ಮಾತ್ರ ತೆಗೆಯಲು ಅಡ್ಮಿನಿಗೆ ಆಗುವುದಿಲ್ಲ, ತೆಗೆದರೆ ಇಡೀ ಮೆಸೇಜ್ ಹೋಗುತ್ತದೆ. ಎಲ್ಲವನ್ನೂ ಅಳಿಸಿದೆ. ಅಡ್ಮಿನ್‌ಗಳು ಮಾತ್ರ ಬರೆಯುವ ಹಾಗೆ ಮಾಡಿ ಮಲಗಿದೆ. ಕಾರಣ ಬರೆಯಲಿಲ್ಲ.

ಬೆಳಿಗ್ಗೆ ನೋಡಿದರೆ ಆ ತಾಯಿ ಗ್ರೂಪ್ ಬಿಟ್ಟು ಹೋಗಿದ್ದರು. ‘ನೀನು ಯಾರ ಪರ’ ಅಂತ ನನಗೆ ಖಾಸಗಿಯಾಗಿ ಕೇಳಿದವರು ಇಪ್ಪತ್ತು ಜನ. ಐದು ದಿನದಿಂದ ಇದೇ ತಲೆಯಲ್ಲಿ ಉಂಟು. ನಾನು ಮಾಡಿದ್ದು ಸರಿಯಾ?

ಹಳೇ_ಮಾಸ್ಟ್ರು · 7:35

ತಮ್ಮಾ, ನೀನು ಮಾಡಿದ್ದು ತಪ್ಪು. ಬೇಸರ ಮಾಡಬೇಡ, ಪೂರ್ತಿ ಓದು.

1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಹೋಗಬೇಕು ಅಂತ 1967ರಲ್ಲಿ, ಗಡಿ ವಿವಾದ ನೋಡಲು ಕೇಂದ್ರ ನೇಮಿಸಿದ ಮಹಾಜನ ಆಯೋಗ ಹೇಳಿತು. ಅದು ಜಾರಿಗೆ ಬರಲಿಲ್ಲ. ನಮ್ಮ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿದರು, ಕೊನೆಯವರೆಗೂ ಅದನ್ನೇ ಕೇಳುತ್ತಾ ಹೋದರು. ಈಗ ರಾಜ್ಯ ಯಾವುದು ಅನ್ನುವ ಮಾತು ಬಿಡೋಣ. ಸಂವಿಧಾನದ 350ಎ ವಿಧಿ ಉಂಟಲ್ವಾ? ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯಲ್ಲಿ ಕಲಿಯುವ ವ್ಯವಸ್ಥೆ ರಾಜ್ಯ ಮಾಡಬೇಕು ಅಂತ ಅದು ಹೇಳುತ್ತದೆ. ಕನ್ನಡ ಶಾಲೆಗೆ ಕನ್ನಡ ಬಾರದವರನ್ನು ಕಳಿಸಿದಾಗ ಅದನ್ನು ಕೇಳಲಿಕ್ಕೆ ಜಾಗ ಎಲ್ಲಿ? ಮಲಯಾಳದ ದೊಡ್ಡ ಪತ್ರಿಕೆಗೆ ಅದು ಸುದ್ದಿ ಅಲ್ಲ. ಬೆಂಗಳೂರಿನ ಚಾನೆಲಿಗೆ ನಾವು ದೂರ. ಇದ್ದದ್ದು ನಿನ್ನ ಗ್ರೂಪು. ಅಲ್ಲಿಯೂ ಬೆಳಿಗ್ಗೆ ಎದ್ದು ನೋಡಿದರೆ ‘ಅಡ್ಮಿನ್ ಅಳಿಸಿದ್ದಾರೆ’ ಅನ್ನುವ ಬೂದು ಸಾಲು.

ಫೋನ್ ನಂಬರ್ ಹಾಕಿದ್ದು ಸರಿ ಅಂತ ನಾನು ಹೇಳುವುದಿಲ್ಲ. ಆದರೆ ನೀನು ನಂಬರಿನ ಜೊತೆಗೆ ಆ ‘ಹರಣ’ವನ್ನೂ ಅಳಿಸಿದ್ದೀಯಲ್ಲ, ಅದು ನನಗೆ ನೋವು.

ತಲಪಾಡಿ_ಗೇಟು · 8:02

ಮಾಸ್ಟ್ರು ಹೇಳಿದ್ದಕ್ಕೆ ನನ್ನದೊಂದು ಮಾತು ಸೇರಿಸುತ್ತೇನೆ. ಯಾವುದನ್ನೂ ಅಳಿಸಬಾರದು. ಒಂದು ಸಾಲು ಕೂಡ.

ನಮ್ಮ ಕಡೆ ಒಂದು ಗ್ರೂಪಿನಲ್ಲಿ ನಾನು ರಸ್ತೆ ಕೆಲಸದ ಬಗ್ಗೆ ಕೇಳಿದ್ದೆ. ಜೂನ್‌ನಲ್ಲಿ ಹಾಕಿದ ಡಾಂಬರು ಆಗಸ್ಟಿನಲ್ಲಿ ಕೈಯಲ್ಲಿ ಎದ್ದು ಬರುತ್ತಿತ್ತು. ಫೋಟೋ ಹಾಕಿ, ಬಿಲ್ ಎಷ್ಟಾಯಿತು ಅಂತ ಕೇಳಿದೆ. ಬೈಯಲಿಲ್ಲ, ಯಾರ ಜಾತಿಯನ್ನೂ ಎತ್ತಲಿಲ್ಲ. ‘ಊರಿನ ಒಗ್ಗಟ್ಟಿಗೆ ಧಕ್ಕೆ’ ಅಂತ ಅರ್ಧ ಗಂಟೆಯಲ್ಲಿ ನನ್ನನ್ನು ಹೊರಗೆ ಹಾಕಿದರು. ಅಡ್ಮಿನ್ ಕಂತ್ರಾಟುದಾರನ ಭಾವ. ಅಂದಿನಿಂದ ಊರಿನ ಒಂದು ಸಾವಿನ ಸುದ್ದಿ ಕೂಡ ನನಗೆ ಸಮಯಕ್ಕೆ ಸಿಗುವುದಿಲ್ಲ. ಚಿಕ್ಕಂದಿನಲ್ಲಿ ನನಗೆ ಈಜು ಕಲಿಸಿದ ಅಜ್ಜ ತೀರಿಹೋದದ್ದು ಬೊಜ್ಜದ (ಉತ್ತರಕ್ರಿಯೆಯ) ದಿನ ಗೊತ್ತಾಯಿತು.

ಇವತ್ತು ಫೋನ್ ನಂಬರ್ ಅನ್ನುತ್ತೀರಿ. ನಾಳೆ ಅದೇ ಅಳತೆ ನನ್ನ ಫೋಟೋಕ್ಕೂ ಬರುತ್ತದೆ.

ಕೋರ್ಟ್_ರಸ್ತೆ · 9:20

ನಾನು ವಕೀಲೆ. ಎರಡು ವಿಷಯ ಕಲಸಿ ಹೋಗುತ್ತಿದೆ, ಬಿಡಿಸುತ್ತೇನೆ.

ಸಂವಿಧಾನದ 19(1)(ಎ) ವಿಧಿ ಕೊಡುವ ಮಾತಿನ ಸ್ವಾತಂತ್ರ್ಯ ಸರಕಾರದ ಎದುರು ಇರುವ ಹಕ್ಕು. ವಾಟ್ಸಾಪ್ ಅಡ್ಮಿನ್ ಸರಕಾರ ಅಲ್ಲ. ಅವರು ಅಳಿಸಿದರೆ ಆ ವಿಧಿ ಹಿಡಿದು ಕೋರ್ಟಿಗೆ ಹೋಗಲು ಆಗುವುದಿಲ್ಲ. ಇಷ್ಟು ಸ್ಪಷ್ಟ.

ಸರಕಾರದ ವಿಷಯಕ್ಕೆ ಬಂದರೆ ಕಥೆ ಬೇರೆ. 2012ರಲ್ಲಿ ಮುಂಬೈ ಬಂದ್ ಬಗ್ಗೆ ಫೇಸ್‌ಬುಕ್‌ನಲ್ಲಿ ಒಂದೆರಡು ಸಾಲು ಬರೆದದ್ದಕ್ಕೆ, ಅದಕ್ಕೆ ಲೈಕ್ ಒತ್ತಿದ್ದಕ್ಕೆ ಪಾಲ್ಘರ್‌ನಲ್ಲಿ ಇಬ್ಬರು ಹುಡುಗಿಯರನ್ನು ಹಿಡಿದರು. ಆ ಗಲಾಟೆಯಿಂದ ಶ್ರೇಯಾ ಸಿಂಘಾಲ್ ಮೊಕದ್ದಮೆ ಹುಟ್ಟಿತು. 2015ರ ಮಾರ್ಚ್ 24ರಂದು ಆನ್‌ಲೈನಿನಲ್ಲಿ ಬರೆದದ್ದಕ್ಕೆ ಜೈಲಿಗೆ ಹಾಕಲು ಬಳಸುತ್ತಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿತು. ಅದೇ ತೀರ್ಪಿನಲ್ಲಿ ನಮ್ಮ ಕೇರಳ ಪೊಲೀಸ್ ಕಾಯ್ದೆಯ 118(ಡಿ) ಕೂಡ ಹೋಯಿತು, ಇದು ಇಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಚರ್ಚೆ ಮಾಡುವುದು, ಒಂದು ವಿಚಾರದ ಪರ ಗಟ್ಟಿಯಾಗಿ ಮಾತಾಡುವುದು, ಜನರನ್ನು ಕೆರಳಿಸಿ ಎಬ್ಬಿಸುವುದು, ಈ ಮೂರೂ ಬೇರೆ ಬೇರೆ ಅಂತ ಕೋರ್ಟ್ ಹೇಳಿತು. ಮೂರನೆಯದಕ್ಕೆ ಬಂದಾಗ ಮಾತ್ರ ತಡೆ.

ಐದು ವರ್ಷ ಕಳೆದು 2020ರ ನವೆಂಬರಿನಲ್ಲಿ ಅದೇ ಪೊಲೀಸ್ ಕಾಯ್ದೆಗೆ 118ಎ ಅಂತ ಹೊಸ ಕಲಮು ಸೇರಿಸಿ ಕೇರಳದಲ್ಲಿ ಸುಗ್ರೀವಾಜ್ಞೆ ಬಂತು. ಯಾವ ಮಾಧ್ಯಮದಲ್ಲೇ ಆಗಲಿ, ಅವಮಾನ ಮಾಡುವ, ಬೆದರಿಸುವ ಮಾತು ಹಾಕಿದರೆ ಮೂರು ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಹೆಂಗಸರ ಮೇಲೆ ಆನ್‌ಲೈನಿನಲ್ಲಿ ನಡೆಯುವ ದಾಳಿ ತಡೆಯಲು ಅಂದರು. ಆ ದಾಳಿ ಸುಳ್ಳಲ್ಲ. ಆದರೆ ‘ಅವಮಾನ’ ಯಾವುದು ಅಂತ ಯಾರು ಅಳೆಯುವುದು? ಎಲ್ಲ ಕಡೆಯಿಂದ ವಿರೋಧ ಬಂತು, ಕೆಲವೇ ದಿನದಲ್ಲಿ ಹಿಂದೆ ತೆಗೆದರು. ತಲಪಾಡಿಯವರ ಹೆದರಿಕೆ ಸುಮ್ನೆ ಅಲ್ಲ.

ಕುಂಬಳೆಯ ಅಣ್ಣನಿಗೆ ಒಂದು ಸಮಾಧಾನ. ಸದಸ್ಯ ಹಾಕಿದ್ದಕ್ಕೆ ಅಡ್ಮಿನ್ ಜೈಲಿಗೆ ಹೋಗಬೇಕು ಅನ್ನುವುದು ನಿಜ ಅಲ್ಲ. 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, 2022ರ ಫೆಬ್ರವರಿಯಲ್ಲಿ ಕೇರಳ ಹೈಕೋರ್ಟ್ ಇದನ್ನು ಹೇಳಿವೆ. ನೀವೇ ಅದರಲ್ಲಿ ಸೇರಿಕೊಂಡಿದ್ದರೆ ಬೇರೆ ಮಾತು. ಹಾಗಾಗಿ ಕೇಸಿನ ಹೆದರಿಕೆಯಿಂದ ಅಳಿಸಬೇಡಿ. ಅಳಿಸುವುದಾದರೆ ಯಾರಿಗೆ ಏನು ಆಗುತ್ತದೆ ಅಂತ ನೋಡಿ ಅಳಿಸಿ.

ಶಾರ್ಜಾ_ಉಪ್ಪಳ · 10:15

ವಕೀಲರೇ, ಯಾರಿಗೆ ಏನು ಆಗುತ್ತದೆ ಅಂದಿರಲ್ಲ, ನಮ್ಮ ಮನೆಗೆ ಆದದ್ದು ಹೇಳುತ್ತೇನೆ.

2020ರ ಮಾರ್ಚ್‌ನಲ್ಲಿ, ಕೊರೊನಾ ಸಮಯದಲ್ಲಿ, ನಾನು ಗಲ್ಫಿನಿಂದ ಊರಿಗೆ ಬಂದೆ. ಕಾಸರಗೋಡು ಅಂದರೆ ಆಗ ಎಲ್ಲರಿಗೂ ಭಯ. ಕರ್ನಾಟಕ ಗಡಿಯ ರಸ್ತೆಗಳನ್ನು ಮುಚ್ಚಿತ್ತು. ಮಂಗಳೂರಿನ ಆಸ್ಪತ್ರೆ ಮುಟ್ಟಲಾಗದೆ ಜನ ಸತ್ತರು. ಆಗ ನಮ್ಮ ಊರಿನ ಗ್ರೂಪಿನಲ್ಲಿ ಒಂದು ವಾಯ್ಸ್ ಮೆಸೇಜ್ ಬಂತು. 38 ಸೆಕೆಂಡು. ಹೆಂಗಸಿನ ಸ್ವರ, ಹಿಂದೆ ಮಿಕ್ಸಿಯ ಸದ್ದು. ‘ಇಂಥಾ ಮನೆಯ ಹುಡುಗ ಗಲ್ಫಿನಿಂದ ಬಂದಿದ್ದಾನೆ, ಕೆಮ್ಮು ಉಂಟು, ಅಡಗಿ ಕೂತಿದ್ದಾನೆ.’ ನಮ್ಮ ಮನೆಯ ಹೆಸರನ್ನು ಎರಡು ಸಲ ಹೇಳಿದ್ದಾರೆ. ನಮ್ಮಲ್ಲಿ ಮನೆ ಹೆಸರು ಹೇಳಿದರೆ ಸಾಕು, ವಿಳಾಸವೇ ಬೇಡ.

ನಾನು ಅಡಗಿರಲಿಲ್ಲ. ಬಂದ ದಿನವೇ ಆಶಾ ಕಾರ್ಯಕರ್ತೆಗೆ ತಿಳಿಸಿದ್ದೆ. ಮೇಲಿನ ಕೋಣೆಯಲ್ಲಿ ಒಬ್ಬನೇ ಇದ್ದೆ. ಮರುದಿನದಿಂದ ಹಾಲು ಬರಲಿಲ್ಲ. ಅಂಗಡಿಯವರು ಸಾಮಾನನ್ನು ಗೇಟಿನ ಹೊರಗೆ ಬಿಸಾಡಿ ಹೋದರು. ಉಮ್ಮ ಬಾವಿಕಟ್ಟೆಗೆ ಬಂದರೆ ಪಕ್ಕದ ಮನೆಯ ಕಿಟಕಿ ಮುಚ್ಚುತ್ತಿತ್ತು. ಪರೀಕ್ಷೆಯಲ್ಲಿ ನೆಗೆಟಿವ್ ಬಂತು. ಆ ಕಾಗದದ ಫೋಟೋ ಹಾಕಿದೆ, ನೋಡಿದವರು ಕಡಿಮೆ. ವಾಯ್ಸ್ ಮಾತ್ರ ಊರೂರು ಸುತ್ತಿತು. ದುಬೈಯಲ್ಲಿದ್ದ ನನ್ನ ಗೆಳೆಯನಿಗೂ ತಲುಪಿತು.

ಅಡ್ಮಿನಿಗೆ ಫೋನ್ ಮಾಡಿ ಅತ್ತಿದ್ದೇನೆ. ‘ಎಲ್ಲರಿಗೂ ಮಾತಾಡುವ ಹಕ್ಕಿದೆ, ನಾನು ಅಳಿಸಿದರೆ ತಪ್ಪಾಗುತ್ತದೆ’ ಅಂದರು. ಒಳ್ಳೆಯ ಮನುಷ್ಯ, ನಿಜಕ್ಕೂ ಹಾಗೆಯೇ ನಂಬಿದ್ದರು. ತಲಪಾಡಿಯ ಅಣ್ಣಾ, ಒಂದು ಸಾಲೂ ಅಳಿಸಬಾರದು ಅನ್ನುವಾಗ ನನ್ನ ಉಮ್ಮನನ್ನು ಸ್ವಲ್ಪ ನೆನೆಸಿಕೊಳ್ಳಿ.

ತಲಪಾಡಿ_ಗೇಟು · 10:40

ತಮ್ಮ, ಓದಿ ಸುಮ್ಮನಾದೆ. ಆ ವಾಯ್ಸ್ ಅಳಿಸಬೇಕಿತ್ತು. ಮೊದಲ ಐದು ನಿಮಿಷದಲ್ಲಿ. ಒಂದು ಸಾಲೂ ಬೇಡ ಅಂದದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಆದರೆ ಯಾರು ತೀರ್ಮಾನಿಸುವುದು ಅನ್ನುವ ನನ್ನ ಪ್ರಶ್ನೆ ಹಾಗೇ ಉಳಿಯಿತು.

ಪೆರ್ಲ_ಬೆಂಗಳೂರು · 11:30

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ, ಊರು ಪೆರ್ಲ. ‘ದೊಡ್ಡ ಕಂಪೆನಿಗಳೇ ಇದನ್ನು ನೋಡಿಕೊಳ್ಳಲಿ, ನಮಗ್ಯಾಕೆ ತಲೆನೋವು’ ಅಂತ ಕೆಲವರು ಅನ್ನಬಹುದು. ಅವರಿಂದ ಇದು ಆಗುವುದಿಲ್ಲ.

ಒಂದು ಸಣ್ಣ ವಿಷಯ. ಎರಡು ಭಾಷೆಯವರೂ ಇರುವ ನಮ್ಮ ಕ್ರಿಕೆಟ್ ಪೇಜಿನಲ್ಲಿ ನಾನು ಒಮ್ಮೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿದ್ದೆ, ‘ಪಟ್ಟಿ ನೋಡಿ, ನಿಮ್ಮ ಹೆಸರು ಉಂಟು’ ಅಂತ. ಆಟಗಾರರ ಪಟ್ಟಿ ಅಷ್ಟೇ. ಮಲಯಾಳದಲ್ಲಿ ಪಟ್ಟಿ ಅಂದರೆ ನಾಯಿ. ತ್ರಿಕ್ಕರಿಪುರದ ಹುಡುಗರು ರಿಪೋರ್ಟ್ ಹೊಡೆದರು, ನನ್ನ ಪೋಸ್ಟ್ ಹೋಯಿತು. ಕಾರಣ ‘ನಿಂದನೆ’ ಅಂತ ಬಂತು. ಮೇಲ್ಮನವಿ ಒತ್ತಿದೆ, ಎರಡು ನಿಮಿಷದಲ್ಲಿ ಮತ್ತೆ ಅದೇ ಉತ್ತರ. ಎರಡು ನಿಮಿಷದಲ್ಲಿ ಮನುಷ್ಯ ಯಾರೂ ಓದಿರಲಿಕ್ಕಿಲ್ಲ ಅಂತ ನನ್ನ ಅನಿಸಿಕೆ. ಆಮೇಲೆ ಆ ಹುಡುಗರಿಗೇ ಫೋನ್ ಮಾಡಿ ಅರ್ಥ ಹೇಳಿದೆ, ಅವರೇ ಬೇಸರ ಮಾಡಿಕೊಂಡರು. ಮೆಷೀನಿಗೆ ಆಗದ್ದು ಒಂದು ಫೋನಿನಲ್ಲಿ ಆಯಿತು.

ನಮ್ಮಲ್ಲಿ ತುಳು, ಬ್ಯಾರಿ, ಕೊಂಕಣಿ, ಹವ್ಯಕ ಕನ್ನಡ ಎಲ್ಲವನ್ನೂ ಕನ್ನಡ ಅಕ್ಷರದಲ್ಲೇ ಬರೆಯುವವರು ಜಾಸ್ತಿ. ಮೇಲಿನಿಂದ ನೋಡಿದರೆ ಎಲ್ಲವೂ ಕನ್ನಡದಂತೆ ಕಾಣುತ್ತದೆ. ಗೂಗಲ್ ಅನುವಾದಕ್ಕೆ ತುಳು ಸೇರಿದ್ದೇ 2024ರಲ್ಲಿ. ತುಳುವಿನಲ್ಲಿ ಗೆಳೆಯರು ಪ್ರೀತಿಯಿಂದ ಬೈದುಕೊಳ್ಳುವುದು ಯಾವುದು, ನಿಜಕ್ಕೂ ಕೆಂಡ ಕಾರುವುದು ಯಾವುದು ಅಂತ ಊರಿನವರಿಗೆ ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ?

ಇನ್ನೊಂದು ಕಡೆಯೂ ಉಂಟು. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಅಂತ ವಾಟ್ಸಾಪಿನಲ್ಲಿ ಹಬ್ಬಿಸಿ ಹೈದರಾಬಾದಿನ ಒಬ್ಬ ಎಂಜಿನಿಯರನ್ನು ಹೊಡೆದು ಕೊಂದರು. ಅಂಥ ಸಾವು ದೇಶದಲ್ಲಿ ಸಾಲಾಗಿ ಆದ ಮೇಲೆ, ಅದೇ ತಿಂಗಳು, ಫಾರ್ವರ್ಡ್ ಮಾಡುವುದನ್ನು ಐದಕ್ಕೆ ಇಳಿಸುತ್ತೇವೆ ಅಂತ ವಾಟ್ಸಾಪ್ ಹೇಳಿತು. ಮೆಸೇಜಿನ ಒಳಗೆ ಏನಿದೆ ಅಂತ ಕಂಪೆನಿಗೆ ಕಾಣುವುದಿಲ್ಲ, ಓಟ ನಿಧಾನ ಮಾಡಬಹುದು ಅಷ್ಟೇ. ಒಳಗೆ ಏನಿದೆ ಅಂತ ನೋಡಬಲ್ಲವರು ಗ್ರೂಪಿನಲ್ಲಿ ಕೂತಿರುವ ನಾವೇ.

ಕಾರಣ ಹೇಳುವ ಬಗ್ಗೆ ಇನ್ನೊಂದು ಮಾತು. 2021ರ ಐಟಿ ನಿಯಮದ ಪ್ರಕಾರ 50 ಲಕ್ಷಕ್ಕಿಂತ ಜಾಸ್ತಿ ಬಳಕೆದಾರರಿರುವ ಕಂಪೆನಿ ತಾನಾಗಿ ಒಂದು ಪೋಸ್ಟ್ ತೆಗೆದರೆ, ಹಾಕಿದವರಿಗೆ ಕಾರಣ ತಿಳಿಸಬೇಕು, ಅವರ ಮಾತು ಕೇಳಲು ಅವಕಾಶ ಕೊಡಬೇಕು. 640 ಜನರ ಗ್ರೂಪಿಗೆ ಆ ನಿಯಮ ತಾಗುವುದಿಲ್ಲ. ಆದರೆ ನೆರೆಕರೆಯವರು ನಾವು, ಕಂಪೆನಿಗಿಂತ ಕಡಿಮೆ ಮರ್ಯಾದೆ ಕೊಟ್ಟರೆ ಹೇಗೆ?

ಟೀಚರ್_ಚೆರ್ಕಳ · ಮಧ್ಯಾಹ್ನ 1:05

ನನ್ನ ಕನ್ನಡದಲ್ಲಿ ತಪ್ಪಿದ್ದರೆ ಕ್ಷಮಿಸಿ. ನನ್ನ ಮನೆಮಾತು ಮಲಯಾಳ. ಹನ್ನೊಂದು ವರ್ಷದ ಹಿಂದೆ ನನ್ನನ್ನೂ ಒಂದು ಕನ್ನಡ ಮಾಧ್ಯಮದ ಶಾಲೆಗೆ ಹಾಕಿದ್ದರು. ಪಟ್ಟಿಯಲ್ಲಿ ನನ್ನ ಹೆಸರು ಬಂತು, ಆರ್ಡರ್ ಬಂತು, ಹೋದೆ. ಮೊದಲ ದಿನ ಮಕ್ಕಳು ‘ಟೀಚರ್, ನೀರು ಕುಡಿದು ಬರ್ಲಾ’ ಅಂದರು. ನನಗೆ ಅರ್ಥ ಆಗಲಿಲ್ಲ. ಬೇಡ ಅಂತ ತಲೆ ಆಡಿಸಿದೆ. ಒಂದು ಮಗು ಅತ್ತಿತು. ಅದನ್ನು ಇವತ್ತಿಗೂ ಮರೆತಿಲ್ಲ.

ನನ್ನ ಫೋಟೋ, ನಂಬರ್ ಕೂಡ ಹೀಗೆಯೇ ಗ್ರೂಪಿನಲ್ಲಿ ಓಡಿತು. ಮೂರು ದಿನದಲ್ಲಿ ಅರವತ್ತಕ್ಕಿಂತ ಜಾಸ್ತಿ ಫೋನ್. ಹೆಚ್ಚಿನವು ರಾತ್ರಿ. ಕೆಲವರು ಏನೂ ಹೇಳದೆ ಉಸಿರು ಬಿಡುತ್ತಿದ್ದರು. ನನ್ನ ಮಗಳಿಗೆ ಆಗ ನಾಲ್ಕು ವರ್ಷ, ಫೋನ್ ರಿಂಗಾದರೆ ಓಡಿಹೋಗಿ ಬಾಗಿಲ ಹಿಂದೆ ನಿಲ್ಲುತ್ತಿದ್ದಳು. ಒಬ್ಬರ ಹತ್ತಿರ ಕೇಳಿದೆ, ‘ನೀವು ಇಲಾಖೆಗೆ ಬರೆದಿದ್ದೀರಾ?’ ಅಂತ. ಫೋನ್ ಇಟ್ಟರು.

ಮಕ್ಕಳ ಕಷ್ಟ ಸುಳ್ಳಲ್ಲ. ಅದು ನನಗೇ ಮೊದಲು ಗೊತ್ತಿತ್ತು. ಆದರೆ ನನ್ನನ್ನು ನೇಮಿಸಿದ್ದು ನಾನಲ್ಲ. ನನ್ನ ನಂಬರ್ ತೆಗೆದು, ಆ ಕಷ್ಟವನ್ನು ಉಳಿಸಿದ್ದರೆ ನಾನೂ ಅದಕ್ಕೆ ಸಹಿ ಹಾಕುತ್ತಿದ್ದೆ. ಕನ್ನಡ ಕಲಿತೆ. ಎರಡು ವರ್ಷ ಹಿಡಿಯಿತು. ಆ ಎರಡು ವರ್ಷದ ಮಕ್ಕಳಿಗೆ ಸರಿಯಾದ ಪಾಠ ಸಿಗಲಿಲ್ಲ ಅನ್ನುವುದನ್ನು ನಾನೇ ಹೇಳುತ್ತೇನೆ.

ಹಳೇ_ಮಾಸ್ಟ್ರು · 1:30

ಟೀಚರೇ, ನಿಮ್ಮ ಕನ್ನಡದಲ್ಲಿ ತಪ್ಪು ಏನೂ ಇಲ್ಲ. ಊರಿನವರ ಪರವಾಗಿ ನಾನು ಕ್ಷಮೆ ಕೇಳುತ್ತೇನೆ.

ಅಕ್ಕಲಕೋಟಿ_ಹೊಲ · 2:10

ನಮ್ಮದು ಮಹಾರಾಷ್ಟ್ರದಾಗಿನ ಅಕ್ಕಲಕೋಟಿ, ನಮ್ಮ ಕಡೆ ಕರ್ನಾಟಕ-ಮಹಾರಾಷ್ಟ್ರ ಗಡಿ ವಿಷಯ ಬಂತಂದ್ರ ಹಿಂಗ ಆಗ್ತದ್ರಿ. 2022ರ ಡಿಸೆಂಬರದಾಗ ಎರಡೂ ರಾಜ್ಯದ ಬಸ್ಸಿಗೆ ಮಸಿ ಬಳಿಯೋದು, ಕಲ್ಲು ಒಗೆಯೋದು ನಡದಿತ್ತು. ನಮ್ಮ ಗ್ರೂಪಿನಾಗ ಯಾವುದೋ ಹಳೇ ವಿಡಿಯೋ ಬಂತು. ನಾವು ಮೂರು ಮಂದಿ ಅಡ್ಮಿನ್, ಇಬ್ಬರು ಕನ್ನಡದವರು, ಒಬ್ಬ ಮರಾಠಿ. ಮೂವರಾಗ ಇಬ್ಬರು ಹೂಂ ಅಂದ್ರನ ತೆಗೀತೀವಿ. ಒಬ್ಬನ ಕೈಯಾಗ ಬಿಡಬ್ಯಾಡ್ರಿ.

ಇಬ್ಬರ_ಅಮ್ಮ · 4:45

ಆ ಮೆಸೇಜ್ ಹಾಕಿದ್ದು ನಾನೇ. ನಾದಿನಿ ಈ ಚರ್ಚೆ ತೋರಿಸಿದಳು.

ಯಾಕೆ ನಂಬರ್ ಹಾಕಿದೆ ಅಂತ ಯಾರೂ ಕೇಳಲಿಲ್ಲ. ಶಾಲೆಗೆ ಮೂರು ಸಲ ಹೋಗಿದ್ದೆ. ‘ಮೇಲಿನವರು ಕಳಿಸಿದ್ದು, ನಾವೇನು ಮಾಡುವುದು’ ಅಂದರು. ಮೇಲಿನವರ ಆಫೀಸಿಗೆ ಕನ್ನಡದಲ್ಲಿ ಬರೆದುಕೊಂಡು ಹೋದೆ. ಮಲಯಾಳದಲ್ಲಿ ಬರೆದು ತನ್ನಿ ಅಂದರು. ಎರಡು ಬಸ್ಸು ಬದಲಿಸಿ ಹೋಗಿದ್ದೆ, ಆ ದಿನದ ಬೀಡಿ ಕೆಲಸವೂ ಹೋಯಿತು. ಬಸ್‌ಸ್ಟ್ಯಾಂಡಿನಲ್ಲಿ ಕೂತು ಯೋಚಿಸಿದೆ, ನನ್ನ ಮಾತು ಕೇಳಲೇಬೇಕಾದವರು ಯಾರೂ ಇಲ್ವಾ ಅಂತ. ಆ ಟೀಚರ ನಂಬರ್ ಒಂದೇ ನನ್ನ ಹತ್ತಿರ ಇದ್ದದ್ದು. ಹಾಕಿದೆ.

ಚೆರ್ಕಳದ ಟೀಚರೇ, ನಿಮ್ಮ ಮಗಳು ಬಾಗಿಲ ಹಿಂದೆ ನಿಂತದ್ದನ್ನು ಓದಿ ನನಗೆ ಊಟ ಸೇರಲಿಲ್ಲ. ನಾನು ಹಾಕಿದ್ದರಿಂದ ಇನ್ನೊಂದು ಮನೆಯಲ್ಲಿ ಹಾಗೆ ಆಗಿರಬಹುದು. ಅದು ನನ್ನ ತಪ್ಪು. ಆದರೆ ಅಡ್ಮಿನ್ ಅಣ್ಣಾ, ನನ್ನ ಮಗನ ನೋಟ್ಸಿನ ಫೋಟೋ ಅಳಿಸಿ, ನನಗೆ ಒಂದು ಮಾತೂ ಹೇಳದೆ ಮಲಗಿದ್ದು ನಿಮ್ಮ ತಪ್ಪು. ಹತ್ತು ನಿಮಿಷ ಫೋನ್ ಮಾಡಿದ್ದರೆ ನಾನೇ ನಂಬರ್ ತೆಗೆದು ಬೇರೆ ಹಾಕುತ್ತಿದ್ದೆ.

ಕೋರ್ಟ್_ರಸ್ತೆ · 5:00

ಅಕ್ಕ, ಸಂವಿಧಾನದ 350ನೇ ವಿಧಿ ನೋಡಿ. ಕುಂದುಕೊರತೆಯ ಅರ್ಜಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿ ಬೇಕಾದರೂ ಕೊಡುವ ಹಕ್ಕು ನಿಮಗಿದೆ. ಆ ಸಾಲನ್ನು ಅರ್ಜಿಯ ತಲೆಗೆ ಬರೆದು, ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸೋಣ. ಕರಡು ನಾನು ಮಾಡಿಕೊಡುತ್ತೇನೆ, ಫೀಸು ಬೇಡ.

ಕುಂಬಳೆ_ಅಡ್ಮಿನ್ · ರಾತ್ರಿ 8:20

ಅಕ್ಕನ ಹತ್ತಿರ ಮುಕ್ಕಾಲು ಗಂಟೆ ಮಾತಾಡಿದೆ. ಕ್ಷಮೆ ಕೇಳಿದೆ. ಅವರು ಗ್ರೂಪಿಗೆ ಮತ್ತೆ ಸೇರಿದ್ದಾರೆ.

ಇವತ್ತು ಸಂಜೆ ಗ್ರೂಪ್ ತೆರೆದು, ನಾನು ಅಳಿಸಿದ್ದು ಏನು, ಯಾಕೆ ಅಂತ ಬರೆದೆ. ಟೀಚರ ನಂಬರ್, ಫೋಟೋ ಇದ್ದದ್ದಕ್ಕೆ ಅಳಿಸಿದೆ, ದೂರಿಗೆ ಅಲ್ಲ ಅಂತ. ನಂಬರ್ ಉಳಿಸಿಕೊಂಡವರು ದಯವಿಟ್ಟು ಅಳಿಸಿ, ಫೋನ್ ಮಾಡಬೇಡಿ ಅಂತಲೂ. ಇನ್ನು ಮುಂದೆ ಯಾರದ್ದಾದರೂ ಅಳಿಸಿದರೆ ಕಾರಣವನ್ನು ಅಲ್ಲೇ, ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತೇನೆ, ಬರೆದವರಿಗೆ ಮೊದಲು ಫೋನ್ ಮಾಡುತ್ತೇನೆ. ಮನೆ ಹೆಸರು, ನಂಬರ್, ಕಾಯಿಲೆ ಇಂಥದ್ದು ಬಂದರೆ ಮಾತ್ರ ಮೊದಲು ಅಳಿಸಿ ಆಮೇಲೆ ಫೋನ್. ಅಕ್ಕಲಕೋಟೆಯವರು ಹೇಳಿದ ಹಾಗೆ ಇನ್ನಿಬ್ಬರನ್ನು ಅಡ್ಮಿನ್ ಮಾಡಿದ್ದೇನೆ, ಅದರಲ್ಲಿ ಒಬ್ಬರು ಬ್ಯಾರಿ ಮನೆಮಾತಿನವರು, ಇನ್ನೊಬ್ಬರು ಹೆಂಗಸು.

ಜಾತಿ ಧರ್ಮ ಎತ್ತಿದ ಆ ಐದಾರು ಜನರಿಗೂ ಒಬ್ಬೊಬ್ಬರಿಗೆ ಫೋನ್ ಮಾಡಿದೆ. ನಾಲ್ವರು ಒಪ್ಪಿದರು. ಒಬ್ಬರು ಒಪ್ಪಲಿಲ್ಲ, ಅವರ ಬಗ್ಗೆ ಮೂವರು ಕೂತು ನೋಡುತ್ತೇವೆ.

ತಲಪಾಡಿ_ಗೇಟು · 8:35

ಆ ಮೂವರಲ್ಲಿ ಕಂತ್ರಾಟುದಾರನ ಭಾವ ಇಲ್ಲವಲ್ಲ? ಇಲ್ಲ ಅಂದರೆ ನನ್ನನ್ನೂ ಸೇರಿಸಿ. ನಾನು ಕೇಳುತ್ತಲೇ ಇರುತ್ತೇನೆ.

ಕುಂಬಳೆ_ಅಡ್ಮಿನ್ · 8:37

ಇಲ್ಲ. ಲಿಂಕ್ ಕಳಿಸಿದ್ದೇನೆ ಅಣ್ಣ, ಬನ್ನಿ.

ಇಬ್ಬರ_ಅಮ್ಮ · 9:30

ನೋಟ್ಸಿನ ಫೋಟೋ ಮತ್ತೆ ಹಾಕಿದೆ, ಕೆಳಗೆ ಅರ್ಜಿಯ ಕರಡು. ಇಷ್ಟರಲ್ಲಿ 112 ಜನ ಹೆಸರು ಕೊಟ್ಟಿದ್ದಾರೆ. ಚೆರ್ಕಳದ ಟೀಚರ್ ಭಾಗಾಕಾರ, ಲಸಾಅ, ಅಪವರ್ತನ ಎಲ್ಲದಕ್ಕೂ ಕನ್ನಡ-ಮಲಯಾಳ ಎರಡರಲ್ಲೂ ಒಂದು ಪಟ್ಟಿ ಬರೆದು ಕೊಟ್ಟಿದ್ದಾರೆ. ನಾಳೆ ಮಗನ ಕೈಯಲ್ಲಿ ಶಾಲೆಗೆ ಕಳಿಸುತ್ತೇನೆ, ಆ ಟೀಚರಿಗೆ ಕೊಡು ಅಂತ.